ಸಾವಯವ ಸಾರಜನಕಕ್ಕೂ ಹೊತ್ತು ಗೊತ್ತು ಬೇಕು: ಭತ್ತ, ರಾಗಿಯಲ್ಲಿ ನನ್ನ ಅನುಭವ

ಯೂರಿಯಾ ಎರಚಿದ ಗದ್ದೆ ವಾರ ಕಳೆಯುವುದರೊಳಗೆ ಬಣ್ಣ ತಿರುಗುತ್ತದೆ. ರಸ್ತೆಯಲ್ಲಿ ಹೋಗುವವರಿಗೂ ಅದು ಕಾಣುತ್ತದೆ. ಕೊಟ್ಟಿಗೆ ಗೊಬ್ಬರ ಹೊಡೆಸಿದ ಗದ್ದೆ ಹಾಗೆ ಮಾಡುವುದಿಲ್ಲ. ಹದಿನೈದು ದಿನವಾದರೂ ಪೈರು ಇದ್ದ ಹಾಗೇ ಇರುತ್ತದೆ. ಎಷ್ಟೋ ಸಲ ಇನ್ನಷ್ಟು ತಿಳಿಯಾಗುತ್ತದೆ. ಸಾವಯವಕ್ಕೆ ತಿರುಗಿದ ಬಹಳ ಜನ ಧೈರ್ಯ ಕಳೆದುಕೊಳ್ಳುವುದು ಇಲ್ಲೇ. ಒಂದು ಬೆಳೆ ನೋಡುತ್ತಾರೆ, ಪಕ್ಕದ ಗದ್ದೆ ನೋಡುತ್ತಾರೆ, ಮತ್ತೆ ಯೂರಿಯಾ ಮೂಟೆ ತರುತ್ತಾರೆ.

ನಾನು ಪಾಂಡವಪುರದ ಕಡೆಯವಳು. ವಿಶ್ವೇಶ್ವರಯ್ಯ ನಾಲೆಯ ನೀರು ಹಾಯುವ ಸ್ವಲ್ಪ ಗದ್ದೆ ಇದೆ, ಮಳೆ ನಂಬಿಕೊಂಡ ಒಂದು ಕೆಂಪು ಹೊಲ ಇದೆ. ಗದ್ದೆಯಲ್ಲಿ ಭತ್ತ, ಹೊಲದಲ್ಲಿ ರಾಗಿ. ಯೂರಿಯಾ ಬಿಟ್ಟು ಸಾಕಷ್ಟು ವರ್ಷವಾಯಿತು. ಇಷ್ಟು ವರ್ಷ ನೋಡಿ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಒಂದೇ ಮಾತು. ಸಾವಯವ ಗೊಬ್ಬರದಲ್ಲಿ ಸಾರಜನಕ ಎಷ್ಟಿದೆ ಅನ್ನೋದಕ್ಕಿಂತ ಅದು ಪೈರಿನ ಬೇರಿಗೆ ಯಾವಾಗ ಸಿಗುತ್ತದೆ ಅನ್ನೋದು ಮುಖ್ಯ. ಇವೆರಡರ ಹೊತ್ತು ಕೂಡಿಸುವುದೇ ನಮ್ಮ ಕೆಲಸ. ಅದನ್ನು ನಾನು ಹೇಗೆ ಮಾಡಿಕೊಂಡು ಬಂದಿದ್ದೇನೆ ಅಂತ ಇಲ್ಲಿ ಬರೆಯುತ್ತೇನೆ.

ಮೊದಲು ಲೆಕ್ಕ. ಲೆಕ್ಕವಿಲ್ಲದೆ ಸಾವಯವ ಮಾಡುವುದು ನನಗೆ ಒಗ್ಗುವುದಿಲ್ಲ. ನೀರಾವರಿ ಭತ್ತಕ್ಕೆ ನಮ್ಮ ಭಾಗದಲ್ಲಿ ಹೇಳುವ ಸಾರಜನಕ ಹೆಕ್ಟೇರಿಗೆ 100 ಕೆ.ಜಿ, ಅಂದರೆ ಎಕರೆಗೆ 40 ಕೆ.ಜಿ. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ. ಈಗ ಬರುವ 45 ಕೆ.ಜಿ ಮೂಟೆಯಲ್ಲಿ ಸುಮಾರು 20 ಕೆ.ಜಿ ಇರುತ್ತದೆ. ಎರಡು ಮೂಟೆ ತಂದರೆ ಲೆಕ್ಕ ಮುಗಿಯಿತು. ಕೊಟ್ಟಿಗೆ ಗೊಬ್ಬರದಲ್ಲಿ ಇರುವುದು ನೂರಕ್ಕೆ ಅರ್ಧ ಭಾಗ. ಒಂದು ಟನ್‌ಗೆ 5 ಕೆ.ಜಿ. ಎಕರೆಗೆ ನಾಲ್ಕು ಟನ್ ಹೊಡೆಸಿದರೆ 20 ಕೆ.ಜಿ ಆಯಿತು. ಆದರೆ ಆ 20 ಕೆ.ಜಿ ಈ ಬೆಳೆಗೇ ಸಿಗುವುದಿಲ್ಲ. ಮೊದಲ ಬೆಳೆಗೆ ಸಿಗುವುದು ಕಾಲು ಭಾಗ, ಚೆನ್ನಾಗಿ ಕೊಳೆತಿದ್ದರೆ ಮೂರನೇ ಒಂದು ಭಾಗ. ಉಳಿದದ್ದು ಮಣ್ಣಿನಲ್ಲೇ ಇದ್ದು ಮುಂದಿನ ಬೆಳೆಗಳಿಗೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಈ ವರ್ಷದ ಪೈರಿಗೆ ಐದಾರು ಕೆ.ಜಿ ದಕ್ಕಿದರೆ ದೊಡ್ಡದು.

ಇದನ್ನು ಕೇಳಿ ಗಾಬರಿ ಆಗಬೇಕಿಲ್ಲ. ಭತ್ತ ತೆಗೆದುಕೊಳ್ಳುವ ಸಾರಜನಕದಲ್ಲಿ ಅರ್ಧದಷ್ಟು, ಕೆಲವು ಕಡೆ ಇನ್ನೂ ಜಾಸ್ತಿ, ಮಣ್ಣಿನಿಂದಲೇ ಬರುತ್ತದೆ. ಯೂರಿಯಾ ಹಾಕಿದ ಗದ್ದೆಯಲ್ಲೂ ಅಷ್ಟೇ. ಹಿಂದಿನ ವರ್ಷಗಳ ಗೊಬ್ಬರ, ಬೇರು, ಕೂಳೆ ಎಲ್ಲ ಕೊಳೆತು ಕೊಡುವ ಸಾರಜನಕ ಅದು. ಇನ್ನೊಂದು ಮಾತು. ಗದ್ದೆಗೆ ಎರಚಿದ ಯೂರಿಯಾದಲ್ಲಿ ಅರ್ಧವೂ ಪೈರಿಗೆ ಸೇರುವುದಿಲ್ಲ. ಗಾಳಿಗೆ ಹೋಗುತ್ತದೆ, ನೀರಿನ ಜೊತೆ ಇಳಿದು ಹೋಗುತ್ತದೆ. ಹಾಗಾಗಿ ಎರಡು ಮೂಟೆ ಯೂರಿಯಾಕ್ಕೆ ಸಮ ತೂಗುವಷ್ಟು ಸಾವಯವ ಸಾರಜನಕ ಹೊಂದಿಸಲೇಬೇಕು ಅಂತ ಕೂರುವುದು ಬೇಡ. ಮಣ್ಣು ಕೊಡುವುದನ್ನು ಜಾಸ್ತಿ ಮಾಡುತ್ತಾ ಹೋಗಬೇಕು. ಪೈರಿಗೆ ಹಸಿವು ಏರುವ ಹೊತ್ತಿಗೆ ಬೇಗ ಕರಗುವ ಗೊಬ್ಬರ ಸೇರಿಸಬೇಕು.

ಆ ಹೊತ್ತು ಯಾವುದು? ಭತ್ತಕ್ಕೆ ಎರಡು ಹೊತ್ತು. ನಾಟಿ ಬೇರೂರಿ ತೆಂಡೆ, ಅಂದರೆ ಬುಡದಿಂದ ಮರಿ ಕವಲು, ಒಡೆಯುವಾಗ ಒಂದು. ಕಾಂಡದ ಒಳಗೆ ತೆನೆ ಹುಟ್ಟುವಾಗ ಇನ್ನೊಂದು. ಮೊದಲನೆಯದರಲ್ಲಿ ಬುಡಕ್ಕೆ ಎಷ್ಟು ತೆಂಡೆ ಅಂತ ತೀರ್ಮಾನವಾಗುತ್ತದೆ. ಎರಡನೆಯದರಲ್ಲಿ ತೆನೆಗೆ ಎಷ್ಟು ಕಾಳು ಅಂತ ತೀರ್ಮಾನವಾಗುತ್ತದೆ. ಹೂವಾದ ಮೇಲೆ ಕಾಳು ತುಂಬುವಾಗ ಪೈರು ತನ್ನ ಎಲೆ, ಕಾಂಡದಲ್ಲಿ ಕೂಡಿಟ್ಟ ಸಾರಜನಕವನ್ನೇ ಹೆಚ್ಚಾಗಿ ತೆನೆಗೆ ಸಾಗಿಸುತ್ತದೆ. ಕಾಳು ಬಲಿಯುವಾಗ ಕೆಳಗಿನ ಎಲೆ ಹಳದಿಯಾಗುವುದು ಅದಕ್ಕೇ. ಆಗ ಹಳದಿ ಕಂಡು ಗೊಬ್ಬರ ಹುಡುಕಿಕೊಂಡು ಹೋಗುವುದು ದಂಡ.

ತೆನೆ ಹುಟ್ಟುವ ಹೊತ್ತು ಹೊರಗಿನಿಂದ ಕಾಣುವುದಿಲ್ಲ. ಹೊಡೆ ಕಟ್ಟಿದ್ದು ಕಣ್ಣಿಗೆ ಬೀಳುವಷ್ಟರಲ್ಲಿ ಕಾಳಿನ ಲೆಕ್ಕ ಮುಗಿದಿರುತ್ತದೆ. ಅದಕ್ಕೆ ನಾನು ಬ್ಲೇಡ್ ಹಿಡಿದು ಗದ್ದೆಗೆ ಇಳಿಯುತ್ತೇನೆ. ಒಂದು ಬುಡದಲ್ಲಿ ಎಲ್ಲಕ್ಕಿಂತ ದಪ್ಪಗಿರುವ ತಾಯಿ ತೆಂಡೆಯನ್ನು ಬೇರು ಸಮೇತ ಕೀಳಬೇಕು. ಎಲೆ ಸುಲಿದು, ಬುಡದಿಂದ ಮೇಲಕ್ಕೆ ಉದ್ದುದ್ದ ಸೀಳಬೇಕು. ಒಳಗೆ ಗಿಣ್ಣುಗಳು ಒಂದರ ಮೇಲೊಂದು ಒತ್ತಾಗಿ ಕಾಣುತ್ತವೆ. ಎಲ್ಲಕ್ಕಿಂತ ಮೇಲಿನ ಗಿಣ್ಣಿನ ತುದಿಯಲ್ಲಿ ಬಿಳಿ ನೂಲಿನ ಎಳೆ ಹಾಗೆ, ಒಂದೆರಡು ಮಿಲಿಮೀಟರ್ ಉದ್ದದ, ತುಸು ನವಿರು ನವಿರಾದ ಮೊನೆ ಕಂಡರೆ ಅದೇ ತೆನೆ. ಬೆರಳಿನಲ್ಲಿ ಮುಟ್ಟಿದರೆ ಮುರಿದು ಹೋಗುವಷ್ಟು ಎಳಸು. ಇಡೀ ವರ್ಷದ ಅನ್ನ ಅಷ್ಟರಲ್ಲಿ ಇರುತ್ತದೆ. ನಾನು ಗದ್ದೆಯ ಬೇರೆ ಬೇರೆ ಕಡೆಯಿಂದ ಕಿತ್ತು ನೋಡುತ್ತೇನೆ, ಹೆಚ್ಚು ಬುಡಗಳಲ್ಲಿ ಕಂಡರೆ ಹೊತ್ತು ಬಂತು ಅಂತ. ದಿನದ ಲೆಕ್ಕದಲ್ಲಿ ಇದು ಕೊಯ್ಲಿಗೆ ಎರಡು ತಿಂಗಳು ಮುಂಚೆ, ಒಂದು ನಾಲ್ಕೈದು ದಿನ ಆಚೀಚೆ. 135 ದಿನದ ತಳಿಗೆ ಬಿತ್ತನೆಯಿಂದ 70 ದಿನದ ಸುಮಾರಿಗೆ ಬರುತ್ತದೆ. ತಳಿ ಉದ್ದದ್ದಾದರೆ ಅಷ್ಟೇ ಮುಂದಕ್ಕೆ ಹೋಗುತ್ತದೆ.

ಯೂರಿಯಾ ಹಾಕುವವರು ಆ ದಿನ ಎರಚಿದರೆ ಸಾಕು. ನಮಗೆ ಅದು ಸಾಲದು. ಸಾವಯವ ಸಾರಜನಕವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಮೊದಲು ಒಡೆಯಬೇಕು. ಒಡೆದು ಅಮೋನಿಯಂ ರೂಪಕ್ಕೆ ತಂದ ಮೇಲೆ ಬೇರು ಹೀರುತ್ತದೆ. ಬೇವು, ಹೊಂಗೆ ಹಿಂಡಿಗೆ ಎರಡು ಮೂರು ವಾರ, ಎಳೆ ಸೊಪ್ಪಿಗೂ ಹೆಚ್ಚೂಕಡಿಮೆ ಅಷ್ಟೇ, ಕೊಟ್ಟಿಗೆ ಗೊಬ್ಬರಕ್ಕೆ ತಿಂಗಳುಗಟ್ಟಲೆ. ಅಂದರೆ ತೆನೆ ಹುಟ್ಟುವ ಹೊತ್ತಿಗೆ ಸಿಗಬೇಕಾದ ಹಿಂಡಿ ಅದಕ್ಕಿಂತ ಎರಡು ವಾರ ಮೊದಲೇ ಗದ್ದೆಗೆ ಬೀಳಬೇಕು. ಹಾಗಾದರೆ ಬ್ಲೇಡ್ ಯಾಕೆ? ಈ ವರ್ಷ ಕಂಡದ್ದನ್ನು ಬರೆದಿಟ್ಟರೆ ಮುಂದಿನ ವರ್ಷ ಅದೇ ತಳಿಗೆ, ಅದೇ ಹೊತ್ತಿನ ನಾಟಿಗೆ ಹಿಂದಕ್ಕೆ ಎಣಿಸಬಹುದು. ಅಡುಗೆಮನೆ ಕ್ಯಾಲೆಂಡರಿನಲ್ಲಿ ನಾನು ಬಿತ್ತಿದ ದಿನ, ನಾಟಿ ದಿನ, ಬಿಳಿ ಮೊನೆ ಕಂಡ ದಿನ ಗುರುತು ಹಾಕಿಡುತ್ತೇನೆ.

ಈಗ ಗದ್ದೆಯ ಮುಖ್ಯ ಗೊಬ್ಬರಕ್ಕೆ ಬರುತ್ತೇನೆ. ಅದು ಡಯಾಂಚ, ಬೆಳೆಸಿ ಹಸಿರಿದ್ದಾಗಲೇ ಮಣ್ಣಿಗೆ ಉಳುವ ಹಸಿರೆಲೆ ಗೊಬ್ಬರದ ಗಿಡ. ನಮ್ಮಲ್ಲಿ ಕೆ.ಆರ್.ಎಸ್ ತುಂಬುವುದು ನೋಡಿಕೊಂಡು ಸಾಮಾನ್ಯವಾಗಿ ಜುಲೈ, ಆಗಸ್ಟ್ ಹೊತ್ತಿಗೆ ನಾಲೆಗೆ ನೀರು ಬಿಡುತ್ತಾರೆ. ಅಲ್ಲಿಯವರೆಗೆ ಗದ್ದೆ ಸುಮ್ನೆ ಬಿದ್ದಿರುತ್ತದೆ. ಕೃತ್ತಿಕೆ, ರೋಹಿಣಿ ಮಳೆ ಬಿದ್ದಾಗ ಒಂದು ಉಳುಮೆ ಮಾಡಿ ಎಕರೆಗೆ 12 ಕೆ.ಜಿ ಡಯಾಂಚ ಎರಚುತ್ತೇನೆ. ಬೀಜ ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿಯಲ್ಲಿ ಸಿಗುತ್ತದೆ, ಆದರೆ ಮುಂಚೆಯೇ ಹೋಗಿ ವಿಚಾರಿಸಬೇಕು. ಮಳೆ ಬಿದ್ದ ಮೇಲೆ ಹೋದರೆ ಖಾಲಿ ಆಗಿರುತ್ತದೆ. ಸೆಣಬೂ ಆಗುತ್ತದೆ. ನೀರು ನಿಂತರೂ ತಡೆಯುತ್ತದೆ, ಸ್ವಲ್ಪ ಚೌಳು ಇದ್ದರೂ ಬರುತ್ತದೆ ಅಂತ ನನಗೆ ಡಯಾಂಚವೇ ಇಷ್ಟ.

ಚೆನ್ನಾಗಿ ಬಂದ ಡಯಾಂಚ 45–50 ದಿನಕ್ಕೆ ಹೆಕ್ಟೇರಿಗೆ 60ರಿಂದ 80 ಕೆ.ಜಿ ಸಾರಜನಕ ಕೂಡಿಸುತ್ತದೆ. ಎಕರೆಗೆ 25–30 ಕೆ.ಜಿ ಆಯಿತು. ಇಷ್ಟು ಸಾರಜನಕವನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸದೆ, ದುಡ್ಡು ಕೊಡದೆ ಗದ್ದೆಯಲ್ಲೇ ಮಾಡಿಕೊಳ್ಳುವ ದಾರಿ ನನಗೆ ಇನ್ನೊಂದು ಗೊತ್ತಿಲ್ಲ. ಆದರೆ ಗಿಡ ಎತ್ತರ ಬಂದ ಮಾತ್ರಕ್ಕೆ ಸಾರಜನಕ ಹಿಡಿದಿದೆ ಅಂತಲ್ಲ. ತಿಂಗಳು ತುಂಬಿದಾಗ ಒಂದೆರಡು ಗಿಡ ಕಿತ್ತು ಬೇರು ತೊಳೆದು ನೋಡಿ. ಬೇರಿಗೆ ಅಂಟಿದ ಗಂಟುಗಳನ್ನು ಉಗುರಿನಲ್ಲಿ ಸೀಳಿದರೆ ಒಳಗೆ ಕೆಂಪಗೆ, ಮಾಂಸದ ಬಣ್ಣ ಇರಬೇಕು. ಆ ಬಣ್ಣವಿದ್ದರೆ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುತ್ತಿದೆ ಅಂತ ಲೆಕ್ಕ. ಬೆಳ್ಳಗೋ ಹಸಿರಾಗೋ ಇದ್ದರೆ ಕೆಲಸ ಮಾಡುತ್ತಿಲ್ಲ. ಹೊಸ ಜಾಗವಾದರೆ ಬೀಜಕ್ಕೆ ರೈಜೋಬಿಯಂ ಅನ್ನುವ ಆ ಬ್ಯಾಕ್ಟೀರಿಯಾ ಲೇಪಿಸಿ ಬಿತ್ತುವುದು ಒಳ್ಳೆಯದು.

ಯಾವಾಗ ಉಳುವುದು ಅನ್ನುವಲ್ಲಿ ಎಲ್ಲ ನಿಂತಿದೆ. ಹೂವು ಬರುವ ಮೊದಲು, ಕಾಂಡ ಇನ್ನೂ ಕೈಯಲ್ಲಿ ಬಾಗಿಸಿದರೆ ಲಟ್ ಅಂತ ಮುರಿಯುವಾಗ ಸೇರಿಸಬೇಕು. ನಾರು ಬಲಿತ ಮೇಲೆ ಉಳುತ್ತಾ ಹೋದರೆ ಕಾಂಡ ರೋಟಾವೇಟರಿಗೆ ಸುತ್ತಿಕೊಳ್ಳುತ್ತದೆ, ಮಣ್ಣಿನಲ್ಲಿ ಕೊಳೆಯುವುದಕ್ಕೂ ತಡ. ಇಲ್ಲಿ ಇಂಗಾಲ, ಸಾರಜನಕದ ಅನುಪಾತದ ವಿಷಯ ಬರುತ್ತದೆ. ಒಂದು ಪಾಲು ಸಾರಜನಕಕ್ಕೆ 20 ಪಾಲಿಗಿಂತ ಕಡಿಮೆ ಇಂಗಾಲ ಇದ್ದರೆ ಸೂಕ್ಷ್ಮಜೀವಿಗಳು ತಮಗೆ ಬೇಕಾದ್ದು ಬಳಸಿ ಮಿಕ್ಕ ಸಾರಜನಕ ಪೈರಿಗೆ ಬಿಡುತ್ತವೆ. 30 ದಾಟಿದರೆ ಅವಕ್ಕೇ ಸಾಲದೆ ಮಣ್ಣಿನಲ್ಲಿದ್ದ ಸಾರಜನಕವನ್ನೂ ಎಳೆದುಕೊಳ್ಳುತ್ತವೆ. ಎಳೆ ಡಯಾಂಚ ಆ 20ರ ಒಳಗೇ ಇರುತ್ತದೆ. ಬಲಿತಷ್ಟೂ ಮೇಲೆ ಹೋಗುತ್ತದೆ.

ಉತ್ತು ನೀರು ಕಟ್ಟಿದ ಮೇಲೆ ನಾನು ವಾರ, ಹತ್ತು ದಿನ ಬಿಟ್ಟು ನಾಟಿ ಮಾಡಿಸುತ್ತೇನೆ. ಜಾಸ್ತಿ ಕಾಯುವುದು ನಷ್ಟ, ಬಿಡುಗಡೆಯಾದ ಸಾರಜನಕಕ್ಕೆ ಹೀರುವ ಬೇರು ಇರುವುದಿಲ್ಲ. ಕಾಯದೇ ನೆಟ್ಟರೆ ಕೊಳೆಯುವ ಸೊಪ್ಪಿನಿಂದ ಸಸಿ ಸೊರಗುತ್ತದೆ. ಬೆಚ್ಚಗಿನ ಕೆಸರಿನಲ್ಲಿ ಎಳೆ ಸೊಪ್ಪು ಬೇಗ ಕರಗಿ, ತೆಂಡೆ ಒಡೆಯುವ ಹೊತ್ತಿಗೆ ಸರಿಯಾಗಿ ಸಾರಜನಕ ಕೊಡುತ್ತದೆ. ಈ ಒಂದು ಹೊಂದಾಣಿಕೆಯಿಂದಲೇ ನನ್ನ ಗದ್ದೆ ಯೂರಿಯಾ ಗದ್ದೆಗೆ ಹತ್ತಿರ ಬಂತು.

ಇದಕ್ಕೆ ನೀರು ಕೈ ಕೊಡಬಾರದು. ಕೆಸರಿನಲ್ಲಿ ಸಾರಜನಕ ಅಮೋನಿಯಂ ಆಗಿದ್ದರೆ ಜೇಡಿಗೆ ಅಂಟಿಕೊಂಡು ಉಳಿಯುತ್ತದೆ. ಗದ್ದೆ ಒಣಗಿ ಬಿರುಕು ಬಿಟ್ಟರೆ ಗಾಳಿ ಹೋಗಿ ಅದು ನೈಟ್ರೇಟ್ ಆಗುತ್ತದೆ. ಮತ್ತೆ ನೀರು ಬಂದಾಗ ಆ ನೈಟ್ರೇಟ್ ಅನಿಲವಾಗಿ ಹಾರಿಹೋಗುತ್ತದೆ, ಇಲ್ಲವೇ ಕೆಳಗೆ ಇಳಿದುಹೋಗುತ್ತದೆ. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಡುವ ನಮ್ಮಂಥ ಕಡೆ ಇದು ನಿಜವಾದ ಕಷ್ಟ. ನೀರು ನಿಲ್ಲಿಸುವ ದಿನಗಳಲ್ಲಿ ಗದ್ದೆ ಪೂರ್ತಿ ಒಣಗದ ಹಾಗೆ ನೋಡಿಕೊಳ್ಳಬೇಕು. ಅದಕ್ಕೆ ನಾನು ನಾಟಿಗೆ ಮುಂಚೆ ಬದು ಕಡಿದು ಹೊಸ ಕೆಸರು ಮೆತ್ತಿಸುತ್ತೇನೆ, ಏಡಿ ಬಿಲಗಳನ್ನು ಹುಡುಕಿ ತುಳಿದು ಮುಚ್ಚಿಸುತ್ತೇನೆ. ಒಂದು ಏಡಿ ಬಿಲದಲ್ಲಿ ರಾತ್ರಿಯೆಲ್ಲ ನೀರು ಸೋರಿದರೆ ಸೊಪ್ಪಿನ ಸಾರ ಕೆಳಗಿನ ಗದ್ದೆಯವರ ಪಾಲು. ಗೊಬ್ಬರದ ಬಗ್ಗೆ ಮಾತಾಡುವವರು ಬದುವಿನ ಬಗ್ಗೆ ಮಾತಾಡುವುದು ಕಮ್ಮಿ. ನನ್ನ ಪ್ರಕಾರ ಎರಡೂ ಒಂದೇ ವಿಷಯ.

ಕೊಟ್ಟಿಗೆ ಗೊಬ್ಬರದ ಬಗ್ಗೆ ನನಗೆ ಸಂಕಟವಾಗುವ ಒಂದು ಸಂಗತಿ ಇದೆ. ಬೇಸಿಗೆಯಲ್ಲಿ ನಮ್ಮ ಕಡೆ ಯಾವ ಹೊಲಕ್ಕೆ ಹೋದರೂ ಸಣ್ಣ ಸಣ್ಣ ಗುಡ್ಡೆ ಮಾಡಿ ಗೊಬ್ಬರ ಸುರಿದಿರುತ್ತಾರೆ. ಮಳೆ ಬರುವವರೆಗೂ ಅದು ಬಿಸಿಲಿನಲ್ಲಿ ಹಾಗೇ ಇರುತ್ತದೆ. ಅಮೋನಿಯಾ ಆಗಬಹುದಾದ ಸಾರಜನಕ ಹೋಗುವುದು ಹೀಗೆಯೇ. ಕೊನೆಗೆ ಮಣ್ಣಿಗೆ ಸೇರುವುದು ಸತ್ವ ಬತ್ತಿದ ಪುಡಿ. ವರ್ಷವಿಡೀ ಸಗಣಿ ಎತ್ತಿ, ಗುಂಡಿ ತುಂಬಿ, ಬಾಡಿಗೆ ಕೊಟ್ಟು ಸಾಗಿಸಿ ಕೊನೆಯಲ್ಲಿ ಹೀಗೆ ಬಿಟ್ಟರೆ ಏನು ಬಂತು? ನಾನು ಹೊಡೆಸಿದ ದಿನವೇ ಹರಡಿಸಿ, ಅವತ್ತೇ ಉಳುಮೆ ಮಾಡಿಸುತ್ತೇನೆ. ಟ್ರ್ಯಾಕ್ಟರ್ ಸಿಗದಿದ್ದರೆ ಗೊಬ್ಬರ ಗುಂಡಿಯಲ್ಲೇ ಇರಲಿ ಅಂತ ಬಿಡುತ್ತೇನೆ.

ಗುಂಡಿಯದ್ದೂ ಹಾಗೆಯೇ. ದನ ಹೊರಹಾಕುವ ಸಾರಜನಕದಲ್ಲಿ ಅರ್ಧದಷ್ಟು ಗಂಜಲದಲ್ಲಿ ಹೋಗುತ್ತದೆ. ಕೊಟ್ಟಿಗೆಗೆ ಸಿಮೆಂಟ್ ಹಾಕಿಸಿ ಗಂಜಲವನ್ನು ಚರಂಡಿಗೆ ಬಿಟ್ಟರೆ ಅರ್ಧ ಗೊಬ್ಬರ ಚರಂಡಿ ಪಾಲು. ನಾನು ದನದ ಕೆಳಗೆ ರಾಗಿ ಹೊಟ್ಟು, ಒಣ ಎಲೆ ಹಾಸುತ್ತೇನೆ. ಅದು ಗಂಜಲ ಹೀರುತ್ತದೆ. ಬೆಳಗ್ಗೆ ಅದನ್ನೇ ಗುಡಿಸಿ ಗುಂಡಿಗೆ ಹಾಕಿ ಮೇಲೆ ಸ್ವಲ್ಪ ಮಣ್ಣು ಉದುರಿಸುತ್ತೇನೆ. ಗುಂಡಿಗೆ ನೆರಳು ಇದ್ದರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ರೇಷ್ಮೆ ಹುಳು ಸಾಕುವ ಮನೆಗಳು ಬೇಕಾದಷ್ಟಿವೆ. ಹುಳುವಿನ ಹಿಕ್ಕೆಯಲ್ಲಿ ಸಗಣಿಗಿಂತ ಸಾರಜನಕ ಜಾಸ್ತಿ. ತಿನ್ನದೆ ಉಳಿದ ಹಿಪ್ಪುನೇರಳೆ ಸೊಪ್ಪಿನ ಜೊತೆ ಅದು ಗುಂಡಿಗೆ ಬಿದ್ದರೆ ಗೊಬ್ಬರ ಬೇಗ ಪಾಕಕ್ಕೆ ಬರುತ್ತದೆ. ಬೇಡ ಅನ್ನುವವರ ಮನೆಯಿಂದ ಕೇಳಿ ತರುತ್ತೇನೆ.

ಪಾಕಕ್ಕೆ ಬಂದ ಗೊಬ್ಬರ ಅಂದೆ. ಅದು ಬಾರದೇ ಹಾಕಿದರೆ ಏನಾಗುತ್ತದೆ ಅಂತ ನಮ್ಮೂರಿನ ಒಬ್ಬ ಹಿರಿಯರ ಗದ್ದೆಯಲ್ಲಿ ನೋಡಿದೆ. ಕಬ್ಬಿನ ತರಗು, ಹುಲ್ಲು ಸೇರಿದ ಹಸಿ ಗೊಬ್ಬರ ಹೊಡೆಸಿ ನಾಟಿ ಮಾಡಿಸಿದ್ದರು. ಮೂರು ವಾರಕ್ಕೆ ನನ್ನನ್ನು ಕರೆದರು.

"ಅಲ್ಲ ಕಣವ್ವ, ಲೋಡ್‌ಗಟ್ಟಲೆ ಗೊಬ್ಬರ ಹೊಡ್ಸಿವ್ನಿ. ಆದ್ರೂ ಪೈರು ಯಾಕಿಂಗೆ ಹಳದಿ ಬಿದ್ದದೆ?"

"ದೊಡ್ಡಪ್ಪ, ಹುಲ್ಲು ಇನ್ನೂ ಕೊಳೀತಾ ಅದೆ. ಪೈರಿಗೆ ಬರಬೇಕಾದ್ದನ್ನ ಅದೇ ತಿಂತಾ ಅದೆ," ಅಂದೆ.

ಭತ್ತದ ಹುಲ್ಲಿನಲ್ಲಿ ಒಂದು ಪಾಲು ಸಾರಜನಕಕ್ಕೆ 60ರಿಂದ 80 ಪಾಲು ಇಂಗಾಲ ಇರುತ್ತದೆ. ತರಗು ಇನ್ನೂ ಒರಟು. ಆ ಗೊಬ್ಬರ ದಂಡವಾಗಲಿಲ್ಲ, ತೆನೆ ಹೊತ್ತಿಗೆ ಪೈರು ಹಸಿರಾಯಿತು. ಆದರೆ ತೆಂಡೆ ಒಡೆಯುವ ಕಾಲ ದಾಟಿಹೋಗಿತ್ತು. ಬುಡಕ್ಕೆ ನಾಲ್ಕೈದು ತೆಂಡೆ ಅಷ್ಟೇ. ಆಮೇಲೆ ಎಷ್ಟು ಹಸಿರಾದರೂ ಹೊಸ ತೆಂಡೆಯಲ್ಲಿ ಸರಿಯಾದ ತೆನೆ ಬರುವುದಿಲ್ಲ, ಹುಲ್ಲು ಮಾತ್ರ ಬರುತ್ತದೆ. ಒಂದೇ ಗೊಬ್ಬರ, ಒಂದೇ ತೂಕ. ಎರಡು ತಿಂಗಳು ಮುಂಚೆ ಮಣ್ಣಿಗೆ ಸೇರಿದ್ದರೆ ಕಥೆ ಬೇರೆ ಇರುತ್ತಿತ್ತು.

ಹಿಂಡಿಗಳನ್ನು ನಾನು ಔಷಧಿಯಂತೆ ಸ್ವಲ್ಪವೇ ಬಳಸುತ್ತೇನೆ. ಬೇವಿನ ಹಿಂಡಿಯಲ್ಲಿ ನೂರಕ್ಕೆ 5, ಹೊಂಗೆ ಹಿಂಡಿಯಲ್ಲಿ 4ರ ಸುಮಾರು ಸಾರಜನಕ. ಪೂರ್ತಿ 40 ಕೆ.ಜಿ ಹಿಂಡಿಯಿಂದಲೇ ಕೊಡುತ್ತೇನೆ ಅಂತ ಹೊರಟರೆ ಎಕರೆಗೆ 800 ಕೆ.ಜಿ ಬೇವಿನ ಹಿಂಡಿ ಬೇಕು. ಅಷ್ಟು ದುಡ್ಡು ಹಾಕಿ ಭತ್ತ ಬೆಳೆಯುವುದರಲ್ಲಿ ಅರ್ಥವಿಲ್ಲ. ಎಕರೆಗೆ 100ರಿಂದ 150 ಕೆ.ಜಿ, ಅದನ್ನೂ ತೆನೆ ಹುಟ್ಟುವುದಕ್ಕೆ ಎರಡು ವಾರ ಮುಂಚೆ, ನೀರು ತೆಳುವಾಗಿಸಿ, ಪುಡಿ ಮಾಡಿ ಎರಚಿ, ಕಳೆ ತೆಗೆಯುವಾಗ ಕಾಲಿನಲ್ಲಿ ತುಳಿದು ಕೆಸರಿಗೆ ಸೇರಿಸುವುದು. ಮೇಲೆ ಬಿಟ್ಟರೆ ತೇಲಿ ಮೂಲೆಗೆ ಹೋಗಿ ಕೂರುತ್ತದೆ. ಬೇವಿನ ಹಿಂಡಿಯಲ್ಲಿ ಇನ್ನೊಂದು ಗುಣ ಇದೆ. ಅಮೋನಿಯಂ ರೂಪದ ಸಾರಜನಕ ನೈಟ್ರೇಟ್ ಆಗಿ ತಿರುಗುವುದನ್ನು ಅದು ನಿಧಾನ ಮಾಡುತ್ತದೆ. ಯೂರಿಯಾಗೆ ಬೇವಿನ ಎಣ್ಣೆ ಲೇಪಿಸುವುದೂ ಇದೇ ಕಾರಣಕ್ಕೆ.

ಹಾಕಬೇಕೋ ಬೇಡವೋ ಅಂತ ಎಲೆ ಬಣ್ಣದ ಪಟ್ಟಿ ಹೇಳುತ್ತದೆ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದನ್ನು ರೈತರಿಗೆ ಹಬ್ಬಿಸಿತು. ಪ್ಲಾಸ್ಟಿಕ್ ಪಟ್ಟಿಯ ಮೇಲೆ ತಿಳಿ ಹಸಿರಿನಿಂದ ಕಡು ಹಸಿರಿನವರೆಗೆ ಬಣ್ಣದ ಮನೆಗಳಿರುತ್ತವೆ. ಪೂರ್ತಿ ಬಿಚ್ಚಿದ ಮೇಲಿನ ಎಲೆಯ ನಡು ಭಾಗವನ್ನು ಪಟ್ಟಿಯ ಮೇಲಿಟ್ಟು, ನಮ್ಮ ಮೈ ನೆರಳಿನಲ್ಲಿ ನೋಡಬೇಕು. ಬಿಸಿಲಿನಲ್ಲಿ ನೋಡಿದರೆ ಬಣ್ಣ ಮೋಸ ಮಾಡುತ್ತದೆ. ಹತ್ತು ಬುಡ ನೋಡಿ ಆರು ಅಥವಾ ಅದಕ್ಕಿಂತ ಜಾಸ್ತಿ ಎಲೆ 4ನೇ ಮನೆಗಿಂತ ತಿಳಿಯಾಗಿದ್ದರೆ ಸಾರಜನಕ ಸಾಲದು ಅಂತ ಲೆಕ್ಕ. ತಿಳಿ ಹಸಿರಿನ ನಾಟಿ ತಳಿಗಳಿಗೆ 3ನೇ ಮನೆ ಸಾಕು. ಸಾವಯವದಲ್ಲಿ ಪಟ್ಟಿ ನೋಡಿ ಅವತ್ತೇ ಸರಿಪಡಿಸಲು ಆಗುವುದಿಲ್ಲ, ನಿಜ. ಆದರೂ ವಾರಕ್ಕೊಮ್ಮೆ ನೋಡುತ್ತಿದ್ದರೆ ಬಣ್ಣ ಇಳಿಯುವ ದಿಕ್ಕು ಮುಂಚೆಯೇ ಗೊತ್ತಾಗುತ್ತದೆ.

ಜೀವಾಮೃತದ ಬಗ್ಗೆ ಕೇಳುವವರು ಬಹಳ. ನಾನೂ ಹಾಕುತ್ತೇನೆ. ಆದರೆ ಸಾರಜನಕಕ್ಕಾಗಿ ಅದನ್ನು ನಂಬಬೇಡಿ. ಎಕರೆಗೆ ಹಾಕುವ 200 ಲೀಟರಿನಲ್ಲಿ 10 ಕೆ.ಜಿ ಸಗಣಿ, 10 ಲೀಟರ್ ಗಂಜಲ, 2 ಕೆ.ಜಿ ಕಾಳಿನ ಹಿಟ್ಟು, ಬೆಲ್ಲ ಇರುತ್ತದೆ. ಎಲ್ಲದರ ಸಾರಜನಕ ಕೂಡಿಸಿದರೂ ಕಾಲು ಕೆ.ಜಿ ಮುಟ್ಟುವುದು ಕಷ್ಟ. ಮಣ್ಣಿನಲ್ಲಿ ಸೊಪ್ಪು, ಗೊಬ್ಬರ ಇದ್ದರೆ ಅದನ್ನು ಒಡೆಯುವ ಜೀವಿಗಳಿಗೆ ಒಂದಷ್ಟು ಆಹಾರವಾಗಬಹುದು. ಏನೂ ಇಲ್ಲದ ಮಣ್ಣಿಗೆ ಜೀವಾಮೃತ ಒಂದನ್ನೇ ಹಾಕಿ ಭತ್ತ ಬೆಳೆಯಬಹುದು ಅಂತ ಹೊಸಬರಿಗೆ ಹೇಳುವುದು ನನಗೆ ಸರಿ ಅನ್ನಿಸುವುದಿಲ್ಲ. ಅವರ ಒಂದು ವರ್ಷದ ಅನ್ನದ ಪ್ರಶ್ನೆ ಅದು.

ತಳಿ ನೋಡದೆ ಸಾರಜನಕದ ಮಾತೇ ಆಡಬಾರದು. 1966ರ ಐಆರ್-8, 1968ರ ಜಯ ಇಂಥ ಗಿಡ್ಡ ತಳಿಗಳು ಬಂದದ್ದೇ ಸಾರಜನಕ ಜಾಸ್ತಿ ಕೊಟ್ಟರೂ ಬೀಳದೆ ನಿಂತು ಕಾಳಾಗಿಸಲಿ ಅಂತ. ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಿಂದ ಬಂದ ಕೆಆರ್‌ಎಚ್-2 ಹೈಬ್ರಿಡ್ ಇನ್ನೂ ಹಸಿವಿನ ಭತ್ತ. ಅದನ್ನು ಬೆಳೆಯುವವರಿಗೆ ಮೊದಲ ವರ್ಷವೇ ಪೂರ್ತಿ ಸಾವಯವ ಮಾಡಿ ಅಂತ ನಾನು ಹೇಳುವುದಿಲ್ಲ. ಡಯಾಂಚ ಉತ್ತು, ಯೂರಿಯಾ ಅರ್ಧ ಮಾಡಿ, ಅದನ್ನು ತೆನೆ ಹುಟ್ಟುವ ಹೊತ್ತಿಗೆ ಉಳಿಸಿಕೊಳ್ಳಿ ಅನ್ನುತ್ತೇನೆ. ರಾಜಮುಡಿಯದ್ದು ಬೇರೆ ಗುಣ. ಎತ್ತರದ ನಾಟಿ ತಳಿ. ಜಾಸ್ತಿ ಸಾರಜನಕ ಒಮ್ಮೆಗೇ ಸಿಕ್ಕರೆ ಎದೆಯುದ್ದ ಬೆಳೆದು, ಹಸ್ತ ಚಿತ್ತೆ ಮಳೆಗೆ ಮಲಗಿಬಿಡುತ್ತದೆ. ಬೆಂಕಿ ರೋಗ, ಜಿಗಿಹುಳುವೂ ಅಂಥ ಕಡು ಹಸಿರು ಪೈರನ್ನೇ ಹುಡುಕಿಕೊಂಡು ಬರುತ್ತವೆ. ಕೊಟ್ಟಿಗೆ ಗೊಬ್ಬರ ಸ್ವಲ್ಪ ಸ್ವಲ್ಪವೇ ಬಿಡುವ ಸಾರಜನಕ ರಾಜಮುಡಿಗೆ ಹೇಳಿ ಮಾಡಿಸಿದ್ದು. ನನ್ನ ಗದ್ದೆಯಲ್ಲಿ ರಾಜಮುಡಿಗೆ ಡಯಾಂಚ ಉತ್ತ ವರ್ಷ ಹಿಂಡಿ ಹಾಕುವುದೇ ಇಲ್ಲ.

ರಾಗಿ ಹೊಲದಲ್ಲಿ ಲೆಕ್ಕಾಚಾರ ಪೂರ್ತಿ ಬೇರೆ. ಅಲ್ಲಿ ಕೆಸರಿಲ್ಲ, ಸೂಕ್ಷ್ಮಜೀವಿ ಕೆಲಸ ಮಾಡಬೇಕಾದರೆ ಮಳೆ ಬರಬೇಕು. ಒಣಗಿದ ಮಣ್ಣಿಗೆ ಮಳೆ ಬಿದ್ದಾಗ ಅವು ಒಮ್ಮೆಲೇ ಎದ್ದು ಸಾರಜನಕ ಬಿಡುಗಡೆ ಮಾಡುತ್ತವೆ. ಆಗ ಹೊಲದಲ್ಲಿ ಬೇರು ಇಲ್ಲದಿದ್ದರೆ, ಮೇಲೆ ಜೋರು ಮಳೆ ಬಂದರೆ, ನಮ್ಮ ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ನೈಟ್ರೇಟ್ ಆಳಕ್ಕೆ ಇಳಿದುಬಿಡುತ್ತದೆ. ಅದಕ್ಕೆ ನಾನು ಮುಂಗಾರಿನ ಮೊದಲ ಮಳೆಗೆ ಅಲಸಂದೆ ಚೆಲ್ಲುತ್ತೇನೆ. ಅದು ಹೋಗಬಹುದಾದ ಸಾರಜನಕ ಹಿಡಿದಿಟ್ಟುಕೊಳ್ಳುತ್ತದೆ, ತನ್ನದೂ ಸೇರಿಸುತ್ತದೆ. ಕಾಯಿ ಬಿಡಿಸಿಕೊಂಡು ಹಸಿ ಬಳ್ಳಿ ಉತ್ತರೆ ರಾಗಿ ಬಿತ್ತನೆಗೆ ಹೊಲ ಸಿದ್ಧ. ಕೊಟ್ಟಿಗೆ ಗೊಬ್ಬರ ಎಕರೆಗೆ 3 ಟನ್, ಬಿತ್ತನೆಗೆ ಎರಡು ಮೂರು ವಾರ ಮುಂಚೆ.

ರಾಗಿಯ ಜೊತೆ ಅಕ್ಕಡಿ ಸಾಲಿನಲ್ಲಿ, ಅಂದರೆ ನಡುನಡುವೆ ಬಿಡುವ ಬೇರೆ ಬೆಳೆಯ ಸಾಲಿನಲ್ಲಿ, ಅವರೆ, ತೊಗರಿ ಇಡುತ್ತೇವಲ್ಲ, ಅದು ಪಕ್ಕದ ರಾಗಿಗೆ ಸಾರಜನಕ ಕೊಡುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಅದೇ ಬೆಳೆಗೆ ಸಿಗುವುದು ತೀರಾ ಕಮ್ಮಿ. ಅವರೆಯ ಎಲೆ ಉದುರಿ, ಬೇರು ಮಣ್ಣಿನಲ್ಲಿ ಕೊಳೆತ ಮೇಲೆ ಮುಂದಿನ ವರ್ಷದ ರಾಗಿಗೆ ಅದರ ಫಲ. ಅದಕ್ಕೆ ಪ್ರತಿ ವರ್ಷ ಅಕ್ಕಡಿ ಸಾಲಿನ ಜಾಗ ಬದಲಾಯಿಸುತ್ತೇನೆ. ಹಿಂದಿನ ವರ್ಷ ಅವರೆ ನಿಂತ ಸಾಲಿನಲ್ಲಿ ರಾಗಿ ಕಡುಬಣ್ಣ ಹಿಡಿದು ತೆಂಡೆ ಜಾಸ್ತಿ ಹೊಡೆದಿರುವುದು ನಡೆದು ಹೋಗುವಾಗಲೇ ಕಾಣುತ್ತದೆ.

ರಾಗಿ ಬಡ ಮಣ್ಣಿನ ಬೆಳೆ, ಅದಕ್ಕೆ ಗೊಬ್ಬರ ಯಾಕೆ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಇದೇ ವಿ.ಸಿ. ಫಾರಂನಲ್ಲಿ ರಾಗಿ ಬ್ರಹ್ಮ ಲಕ್ಷ್ಮಣಯ್ಯನವರು ಭಾರತದ, ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಅಂಥ ದಪ್ಪ ತೆನೆ ತುಂಬಬೇಕಾದರೆ ಮಣ್ಣಿನಲ್ಲಿ ಇರಬೇಕಲ್ವಾ? ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯಲ್ಲಿ 1986ರಿಂದ ರಾಗಿ, ಮುಸುಕಿನ ಜೋಳದ ಮೇಲೆ ಒಂದು ದೀರ್ಘಾವಧಿ ಪ್ರಯೋಗ ನಡೆದುಕೊಂಡು ಬಂದಿದೆ. ಸಾರಜನಕ ರಾಸಾಯನಿಕ ಒಂದನ್ನೇ ಕೊಟ್ಟ ತಾಕುಗಳಲ್ಲಿ ಇಳುವರಿ ಕುಸಿಯಿತು, ಮಣ್ಣು ಹುಳಿಯಾಯಿತು. ರಾಸಾಯನಿಕದ ಜೊತೆ ಕೊಟ್ಟಿಗೆ ಗೊಬ್ಬರ ಬಿದ್ದ ತಾಕುಗಳು ತಡೆದು ನಿಂತವು. ಇಂಗ್ಲೆಂಡಿನ ಕೃಷಿ ಸಂಶೋಧನಾ ಕೇಂದ್ರ ರಾಥಮ್‌ಸ್ಟೆಡ್‌ನಲ್ಲಿ 1843ರಿಂದ ಗೋಧಿ ಬೆಳೆಯುತ್ತಿರುವ ಬ್ರಾಡ್‌ಬಾಕ್ ಹೊಲದಲ್ಲಿ ಕೊಟ್ಟಿಗೆ ಗೊಬ್ಬರದ ತಾಕಿನ ಮಣ್ಣಿನಲ್ಲಿ ಈಗ ಇರುವ ಸಾರಜನಕ ಏನೂ ಹಾಕದ ತಾಕಿನ ಎರಡು ಪಟ್ಟಿಗಿಂತ ಜಾಸ್ತಿ. ಮಣ್ಣಿನಲ್ಲಿ ಹೀಗೆ ಕೂಡಿಬಂದದ್ದು ಒಂದು ಬೆಳೆಯಲ್ಲಿ ಕಾಣುವುದಿಲ್ಲ. ನನ್ನ ಗದ್ದೆಯಲ್ಲೂ ಮೊದಲ ಬೆಳೆಗಳಲ್ಲಿ ಇಳುವರಿ ಇಳಿದಿತ್ತು. ಮೂರ್ನಾಲ್ಕು ವರ್ಷ ಕಳೆದ ಮೇಲೆ ಪಕ್ಕದ ಗದ್ದೆಗೂ ನನ್ನದಕ್ಕೂ ಇದ್ದ ಅಂತರ ಸಣ್ಣದಾಯಿತು. ಈಗಲೂ ನೀರು ಚೆನ್ನಾಗಿ ಬಂದ ವರ್ಷ ಅವರದ್ದು ಒಂದೆರಡು ಮೂಟೆ ಮುಂದೆ. ನೀರು ಕೈಕೊಟ್ಟ ವರ್ಷ ನನ್ನ ಪೈರು ತಡೆದುಕೊಳ್ಳುತ್ತದೆ.

ಇದನ್ನೆಲ್ಲ ನಿಮ್ಮ ಗದ್ದೆಯಲ್ಲಿ ನೋಡಬೇಕಾದರೆ ಒಂದು ಪಟ್ಟಿ ಜಾಗ ಬಿಡಿ. ಗದ್ದೆಯ ಒಂದು ಪಕ್ಕದಲ್ಲಿ ಅರ್ಧ ಗುಂಟೆ ಸಾಕು. ಅಲ್ಲಿ ಡಯಾಂಚವೂ ಬೇಡ, ಗೊಬ್ಬರವೂ ಬೇಡ, ಹಿಂಡಿಯೂ ಬೇಡ. ಚಿಕ್ಕ ಬದು ಹಾಕಿ ನೀರು ಬೆರೆಯದಂತೆ ಮಾಡಿ. ಪಕ್ಕದಲ್ಲೇ ಅಷ್ಟೇ ಜಾಗದಲ್ಲಿ ನಿಮ್ಮ ಸಾವಯವ ಗೊಬ್ಬರ ಪೂರ್ತಿ ಕೊಡಿ. ಮನಸ್ಸಿದ್ದರೆ ಮೂರನೆಯದರಲ್ಲಿ ಯೂರಿಯಾ ಹಾಕಿ. ಎಲ್ಲದಕ್ಕೂ ಒಂದೇ ದಿನದ ನಾಟಿ, ಒಂದೇ ಒಟ್ಲಿನ, ಅಂದರೆ ಸಸಿಮಡಿಯ, ಸಸಿ. ಕೊಯ್ಲಿನಲ್ಲಿ ಬೇರೆ ಬೇರೆ ಕೊಯ್ದು, ಬಡಿದು, ತೂರಿ, ಒಣಗಿಸಿ ತೂಗಿ. ಬುಡಕ್ಕೆ ಎಷ್ಟು ತೆನೆ, ತೆನೆಗೆ ಎಷ್ಟು ಕಾಳು, ಅದರಲ್ಲಿ ಜೊಳ್ಳು ಎಷ್ಟು ಅಂತ ಹತ್ತು ಬುಡ ಎಣಿಸಿ. ತೆನೆಯೇ ಕಮ್ಮಿ ಇದ್ದರೆ ಸಾರಜನಕ ತಡವಾಗಿ ಸಿಕ್ಕಿದೆ, ಡಯಾಂಚ ಇನ್ನೂ ಎಳಸಿದ್ದಾಗ ಉಳಬೇಕಿತ್ತು. ತೆನೆ ಬೇಕಾದಷ್ಟಿದ್ದು ಕಾಳು ಕಮ್ಮಿ ಇದ್ದರೆ ನಡುವೆ ಹಿಂಡಿ ಬೇಕಿತ್ತು. ಕಾಳು ಇದ್ದೂ ಜೊಳ್ಳಾಗಿದ್ದರೆ ನೀರು, ರೋಗ, ಮೋಡ, ಚಳಿ ಕಡೆ ನೋಡಿ. ಅದನ್ನು ಗೊಬ್ಬರದ ತಲೆಗೆ ಕಟ್ಟಬೇಡಿ. ಗೊಬ್ಬರ ಹಾಕದ ಪಟ್ಟಿಯಲ್ಲಿ ಬಂದ ಭತ್ತ ನಿಮ್ಮ ಮಣ್ಣು ತಾನಾಗಿ ಕೊಡುವಷ್ಟು. ಆ ಪಟ್ಟಿಯನ್ನು ಪ್ರತಿ ವರ್ಷ ಬೇರೆ ಜಾಗದಲ್ಲಿ ಬಿಟ್ಟು ತೂಗುತ್ತಾ ಹೋಗಿ. ಆ ತೂಕ ಏರುತ್ತಿದ್ದರೆ ಹಿಂಡಿಯ ಖರ್ಚು ಕಡಿಮೆ ಮಾಡುತ್ತಾ ಬರಬಹುದು.